ರಾಜನ್ ಎಲ್ಲಿ?

ನನ್ನ ಹಾಗೆ ಇಂಜಿನಿಯರಿಂಗ್ ಓದಿದವರಲ್ಲೂ ರಾಜನ್ ಹೆಸರು ಕೇಳಿದವರು ಕಮ್ಮಿ. ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಹುಡುಗ. ತುರ್ತುಪರಿಸ್ಥಿತಿಯ ಕಾಲ. 1976ರ ಮಾರ್ಚ್ 1ರಂದು ಪೋಲೀಸರು ಹಿಡಿದೊಯ್ದರು. ಕಕ್ಕಯಂ ಕ್ಯಾಂಪಿನಿಂದ ಆತ ಮರಳಲೇ ಇಲ್ಲ.

ಅಪ್ಪ ಈಚರ ವಾರಿಯರ್ ಹಿಂದಿ ಮೇಷ್ಟ್ರು. ಕಂಡಕಂಡವರ ಬಾಗಿಲು ತಟ್ಟಿದರು. 1977ರಲ್ಲಿ, ತುರ್ತುಪರಿಸ್ಥಿತಿ ಮುಗಿದ ಮೇಲೆ, ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. 'ಬಂಧಿಸಿಯೇ ಇಲ್ಲ' ಎಂಬ ಸರ್ಕಾರದ ಮಾತನ್ನು ಕೋರ್ಟು ನಂಬಲಿಲ್ಲ. ಬಂಧನದ ವೇಳೆ ಗೃಹಮಂತ್ರಿಯಾಗಿದ್ದ ಕರುಣಾಕರನ್, ಮುಖ್ಯಮಂತ್ರಿಯಾದ ತಿಂಗಳಿಗೇ ರಾಜೀನಾಮೆ ಕೊಡಬೇಕಾಯಿತು.

ದೇಹ ಮಾತ್ರ ಸಿಗಲೇ ಇಲ್ಲ. ಅಮ್ಮ ಕೊನೆಯವರೆಗೂ ಮಗನ ದಾರಿ ಕಾದರು. ಅಪ್ಪ ನೆನಪುಗಳನ್ನು ಪುಸ್ತಕವಾಗಿ ಬರೆದು 2006ರಲ್ಲಿ ತೀರಿಕೊಂಡರು.

ಸತ್ತವರಿಗೆ ವರ್ಷಕ್ಕೊಂದು ತಿಥಿಯಾದರೂ ಇರುತ್ತೆ. ಕಾಣೆಯಾದವರಿಗೆ ಯಾವ ದಿನ ಎಡೆ ಇಡೋದು, ಹೇಳಿ...