ಸುಣ್ಣ, ಕೆಮ್ಮಣ್ಣು, ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಗೆ ಬಣ್ಣ ಬಳಿದು ನೋಡು ಎಂಬ ಮೂರನೆಯ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಜಗುಲಿಗೆ ಏನು, ನಡುಮನೆಗೆ ಏನು, ಅಡುಗೆಮನೆಗೆ ಏನು, ಬಚ್ಚಲಿಗೆ ಏನು ಎಂಬುದು ಮೊದಲೇ ಗೊತ್ತಾಗಿತ್ತು. ಇಂದು ಹೊಸೂರಿನಲ್ಲಾಗಲಿ ಕೃಷ್ಣಗಿರಿಯಲ್ಲಾಗಲಿ ಬಣ್ಣದ ಅಂಗಡಿಯ ಮುಂದೆ ನಿಂತವರಿಗೆ ನೂರಾರು ಬಣ್ಣಗಳ ಪುಸ್ತಕವನ್ನು ಕೊಟ್ಟು, ಮ್ಯಾಟ್ ಬೇಕೋ, ಸ್ಯಾಟಿನ್ ಬೇಕೋ, ಗ್ಲಾಸಿ ಬೇಕೋ ಎಂದು ಕೇಳುತ್ತಾರೆ. ಕೊಳ್ಳುವವರು ಬಣ್ಣವನ್ನು ನೋಡಿ ಆರಿಸುತ್ತಾರೆಯೇ ಹೊರತು ಗೋಡೆಯನ್ನು ನೋಡಿ ಆರಿಸುವುದಿಲ್ಲ. ಹಿಂದಿನ ಏರ್ಪಾಡು ಹೇಗೆ ಬಂದಿತು, ಹೇಗೆ ಹೋಯಿತು, ಅದರಲ್ಲಿ ಇಂದಿಗೂ ಸಲ್ಲುವುದು ಎಷ್ಟು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ನಮ್ಮ ಸೀಮೆಯಲ್ಲಿ ಗೋಡೆಗೆ ಬಿಳಿಯನ್ನು ಹಚ್ಚಿದ ಕೈ ಬಹಳ ಹಳೆಯದು. ಬರಗೂರಿನ ಬಳಿಯ ಮಲ್ಲಪಾಡಿಯ ಬಂಡೆಯ ಮೇಲೆ ಕುದುರೆ ಏರಿದ ಮನುಷ್ಯರ ಆಕೃತಿಗಳಿವೆ. ಮಲ್ಲಚಂದ್ರಂ ಗುಡ್ಡದಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಪ್ರಾಚೀನ ಸಮಾಧಿಗಳಿದ್ದು, ಅವುಗಳ ಒಳಗೋಡೆಗಳಲ್ಲಿಯೂ ಚಿತ್ರಗಳಿವೆ. ಎರಡೂ ಕಡೆ ಬಳಸಿರುವುದು ಬಿಳಿಯ ಬಣ್ಣ. ದೇಶದ ಇತರ ಕಡೆಗಳ ಬಂಡೆಚಿತ್ರಗಳಲ್ಲಿ ಕೆಂಪೇ ಹೆಚ್ಚಾಗಿ ಕಾಣುವಾಗ ಕೃಷ್ಣಗಿರಿ ಜಿಲ್ಲೆಯಲ್ಲಿ ಬಿಳಿಯೇ ಮುಂದಾಗಿರುವುದು ಗಮನಾರ್ಹವಾಗಿದೆ. ಇಂತಹ ಕಲ್ಲುಗೂಡುಗಳನ್ನು ಕನ್ನಡಿಗರು ಮೋರಿಯರ ಮನೆ ಎಂದು ಕರೆಯುವುದುಂಟು. ಸತ್ತವರ ಮನೆಗೂ ಒಳಗೋಡೆಯ ಅಲಂಕಾರ ಬೇಕೆಂದು ಅಂದಿನವರಿಗೆ ತೋರಿತು.

ಬದುಕಿದವರ ಮನೆಗೆ ಬಂದುದು ಸುಣ್ಣ. ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಬುಸುಗುಟ್ಟಿ, ಕುದಿದು, ಅರಳಿ ಹಿಟ್ಟಾಗುವುದನ್ನು ನಮ್ಮ ವಿದ್ಯಾರ್ಥಿಗಳು ದೂರದಲ್ಲಿ ನಿಂತು ನೋಡಬೇಕು. ಹತ್ತಿರ ಹೋದರೆ ಕಣ್ಣಿಗೆ ಅಪಾಯ. ಈ ನೀರುಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲಗೆ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಸುಣ್ಣ ಬಳಿದ ಗೋಡೆಯೆಂದರೆ ತೆಳುವಾದ ಕಲ್ಲಿನ ಹೊದಿಕೆಯುಳ್ಳ ಗೋಡೆ. ಆ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಗೋಡೆಯ ಒಳಗಿನ ತೇವ ಹೊರಬರಲು ದಾರಿಯಿದೆ. ಸುಣ್ಣದ ಕ್ಷಾರಗುಣದಿಂದ ಬೂಷ್ಟೂ ಕ್ರಿಮಿಗಳೂ ಅದರಲ್ಲಿ ಸುಲಭವಾಗಿ ನೆಲೆಗೊಳ್ಳವು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮನೆಮನೆಗೆ ಸುಣ್ಣ ಹೊಡೆಸುವುದು ಅಂದಿನ ಶುದ್ಧೀಕರಣದ ಕ್ರಮಗಳಲ್ಲಿ ಒಂದಾಗಿತ್ತು. ಆದರೆ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡುದೂ ಅದೇ 1898ರಲ್ಲಿಯೇ. ಗೋಡೆಗೆ ಬಳಿದ ಸುಣ್ಣ ಇಲಿಯನ್ನು ತಡೆಯಲಾರದಷ್ಟೆ.

ಸುಣ್ಣಕ್ಕೆ ಚಿಟಿಕೆ ನೀಲಿ ಸೇರಿಸುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಹಳದಿಗೆ ತಿರುಗಿದ ಬಿಳಿ ನೀಲಿಯ ಸೋಂಕಿನಿಂದ ಬೆಳ್ಳಗೆ ಕಾಣುತ್ತದೆ. ಆದರೆ ಎಲ್ಲ ನೀಲಿಯೂ ಸುಣ್ಣದೊಡನೆ ಬಾಳುವುದಿಲ್ಲ. ಪ್ರಷ್ಯನ್ ನೀಲಿಯನ್ನು ಹಾಕಿದರೆ ಕ್ಷಾರದಿಂದ ಅದು ಕೆಟ್ಟುಹೋಗುತ್ತದೆ. ಉಳಿಯುವುದು ಅಲ್ಟ್ರಾಮರೀನ್ ನೀಲಿ. ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಬದಖ್‌ಶಾನಿನ ಕಲ್ಲನ್ನು ಅರೆದು ಇದನ್ನು ತೆಗೆಯುತ್ತಿದ್ದುದರಿಂದ ಯೂರೋಪಿನಲ್ಲಿ ಅದು ಚಿನ್ನದ ಬೆಲೆಗೆ ಮಾರುತ್ತಿತ್ತು. ಇದನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕಾಗಿ 1828ರಲ್ಲಿ ಫ್ರಾನ್ಸಿನ ಗಿಮೆ ಎಂಬಾತನಿಗೆ ಬಹುಮಾನ ದೊರೆಯಿತು. ಅಲ್ಲಿಂದ ಮುಂದೆ, ರಾಜರ ಚಿತ್ರಶಾಲೆಗೆ ಮೀಸಲಾಗಿದ್ದ ನೀಲಿ ಬಡವನ ಗೋಡೆಗೂ ಮಡಿವಾಳರ ತೊಟ್ಟಿಗೂ ಇಳಿದು ಬಂದಿತು.

ಇನ್ನು ಕೋಣೆಗಳ ವಿಚಾರ. ಹಳ್ಳಿಯ ಮನೆಯ ಗೋಡೆ ಬಹುಮಟ್ಟಿಗೆ ಮಣ್ಣಿನದು. ಅದರ ಮೇಲ್ಭಾಗಕ್ಕೆ ಸುಣ್ಣ, ಬುಡಕ್ಕೆ ಮೊಳದಗಲ ಕೆಮ್ಮಣ್ಣಿನ ಪಟ್ಟಿ. ಮಳೆಯ ಹನಿ ನೆಲಕ್ಕೆ ಬಿದ್ದು ಸಿಡಿಯುವ ಕೆಸರು ಈ ಪಟ್ಟಿಯ ಮೇಲೆ ಎದ್ದು ಕಾಣದು. ಕೆಟ್ಟರೆ ಅಷ್ಟನ್ನೇ ಮತ್ತೆ ಬಳಿದರಾಯಿತು. ಕೆಂಪು ಬಿಳಿಯ ಈ ಜೋಡಿಯೇ ದೇವಾಲಯದ ಪ್ರಾಕಾರಕ್ಕೆ ಹೋಗಿ ನೆಟ್ಟನೆಯ ಪಟ್ಟೆಗಳಾಯಿತು. ನಡುಮನೆಯ ನೆಲಕ್ಕೂ ಜಗುಲಿಗೂ ಸೆಗಣಿಯ ಸಾರಣೆ. ಅಡುಗೆಮನೆಯಲ್ಲಿ ಸೌದೆಯ ಒಲೆಯ ಮಸಿ ತಪ್ಪದು. ಆದುದರಿಂದ ಅಲ್ಲಿ ಒಲೆಯ ಹಿಂದಿನ ಗೋಡೆಗೆ ಮಣ್ಣು, ಉಳಿದ ಗೋಡೆಗೆ ಸುಣ್ಣ. ಮಸಿ ಹಿಡಿದ ಸುಣ್ಣವನ್ನು ಯಾರೂ ತೊಳೆಯುತ್ತಿರಲಿಲ್ಲ, ಹಬ್ಬಕ್ಕೆ ಅದರ ಮೇಲೆಯೇ ಹೊಸ ಸುಣ್ಣ ಬೀಳುತ್ತಿತ್ತು. ಬಚ್ಚಲು ಸದಾ ತೇವದ ಜಾಗವಾದುದರಿಂದ ಅನುಕೂಲವಿದ್ದವರು ಅಲ್ಲಿ ಗಾರೆಯನ್ನು ತಿಕ್ಕಿ ನುಣುಪು ಮಾಡಿಸುತ್ತಿದ್ದರು. ಇಲ್ಲದವರು ಕಲ್ಲುಚಪ್ಪಡಿ ನಿಲ್ಲಿಸುತ್ತಿದ್ದರು. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಬಾಗಿಲು ಕಿಟಕಿಗಳ ಮರಕ್ಕೆ ಎಣ್ಣೆ. ಎಲ್ಲೆಲ್ಲಿ ನೀರು ತಗಲುವುದೋ ಅಲ್ಲಿ ನುಣುಪು ಮತ್ತು ಗಟ್ಟಿ, ಎಲ್ಲೆಲ್ಲಿ ಗೋಡೆ ಉಸಿರಾಡಬೇಕೋ ಅಲ್ಲಿ ಸುಣ್ಣ: ಇದಕ್ಕೆ ಯಾವ ಪುಸ್ತಕವೂ ಬೇಕಿರಲಿಲ್ಲ.

ಪುಸ್ತಕ ಬೇಕಾದುದು ಅರಮನೆಯ ಗೋಡೆಗೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಅಣಿಮಾಡುವ ಕ್ರಮ ಬರುತ್ತದೆ. ಎಮ್ಮೆಯ ಚರ್ಮವನ್ನು ಕುದಿಸಿ ಇಳಿಸಿದ ವಜ್ರಲೇಪವೆಂಬ ಅಂಟನ್ನು ಬಿಳಿಮಣ್ಣಿನೊಡನೆ ಕಲಸಿ ಗೋಡೆಗೆ ಹಚ್ಚಬೇಕೆಂದು ಅದು ವಿಧಿಸುತ್ತದೆ. ಮುಂದೆ ಟೀಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಗಳೂ ಚಿತ್ರಮಯವಾದುವು. ಆಗ ನಮ್ಮ ಹೊಸೂರು, ಕೃಷ್ಣಗಿರಿಗಳು ಆ ರಾಜ್ಯಕ್ಕೇ ಸೇರಿದ್ದುವು. 1792ರ ಒಪ್ಪಂದದಲ್ಲಿ ಬಾರಾಮಹಲು ಇಂಗ್ಲಿಷರ ಕೈಸೇರಿತು, 1799ರಲ್ಲಿ ಟೀಪು ಮಡಿದ ಮೇಲೆ ಹೊಸೂರು ಕಡೆಯ ಸೀಮೆಯೂ ಹೋಯಿತು. ಕೆಟ್ಟುಹೋಗಿದ್ದ ದರಿಯಾ ದೌಲತ್‌ನ ಯುದ್ಧಚಿತ್ರವನ್ನು ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಮತ್ತೆ ಬರೆಯಿಸಬೇಕಾಯಿತು. ರಾಜ್ಯ ಹೋದ ಮೇಲೆ ಗೋಡೆಯ ಬಣ್ಣಕ್ಕೆ ಗತಿಯೆಲ್ಲಿ!

ಡಬ್ಬದ ಬಣ್ಣ ಬಂದುದು ಕಾರ್ಖಾನೆಯ ಯುಗದಲ್ಲಿ. 1902ರಲ್ಲಿ ಹೌರಾದಲ್ಲಿ ಶಾಲಿಮಾರ್ ಕಾರ್ಖಾನೆ ಹುಟ್ಟಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅರಗಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾಡಿನ ಅರಗಿನಿಂದ ಮೆರುಗೆಣ್ಣೆ ಮಾಡುತ್ತಿದ್ದ ಅದು 1947ರಲ್ಲಿ ಸರ್ಕಾರದ ಸಂಸ್ಥೆಯಾಗಿ, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರನ್ನು ತಳೆಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯೂ ಅಲ್ಲಿಯದೇ. ಬಾಗಿಲಿಗೆ ಹಚ್ಚುವ ಬಣ್ಣ ಮಾಡುವವರೇ ಪ್ರಜಾಪ್ರಭುತ್ವದ ಬೆರಳಿಗೂ ಬಣ್ಣ ಹಚ್ಚಿದರು.

ಪಟ್ಟಣದ ಮನೆಗಳಿಗೆ ಮೊದಲು ಬಂದುದು ಡಿಸ್ಟೆಂಪರ್. ಸೀಮೆಸುಣ್ಣದ ಪುಡಿಯನ್ನು ಅಂಟಿನೊಡನೆ ಕಲಸಿದ ಇದು ಸೋಮೇಶ್ವರನ ಲೇಪಕ್ಕೆ ದೂರದ ದಾಯಾದಿಯೇ. ಬಾಗಿಲಿಗೂ ಗೋಡೆಯ ಕೆಳಭಾಗಕ್ಕೂ ಎಣ್ಣೆಬಣ್ಣ ಬಂದಿತು. 1948ರಿಂದ ಅಮೆರಿಕದಲ್ಲಿ, ಕೃತಕ ರಬ್ಬರಿನ ಸಣ್ಣ ಕಣಗಳನ್ನು ನೀರಿನಲ್ಲಿ ತೇಲಿಸಿದ ಬಣ್ಣ ಮಾರಾಟಕ್ಕೆ ಬಂದು, ಕ್ರಮೇಣ ಪ್ಲಾಸ್ಟಿಕ್ ಎಮಲ್ಷನ್ ಎಂಬ ಹೆಸರಿನಲ್ಲಿ ನಮ್ಮಲ್ಲಿಗೂ ತಲುಪಿತು. ಈ ಎಲ್ಲ ಬಣ್ಣಗಳಲ್ಲಿಯೂ ಇರುವುದು ಮುಖ್ಯವಾಗಿ ಎರಡು ವಸ್ತು: ಬಣ್ಣ ಕೊಡುವ ಪುಡಿ, ಪುಡಿಯನ್ನು ಹಿಡಿದಿಡುವ ಅಂಟು. ಅಂಟು ಹೆಚ್ಚಾದರೆ ಮೇಲ್ಮೈ ನುಣ್ಣಗಾಗಿ ಹೊಳೆಯುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬಹುದು. ಪುಡಿ ಹೆಚ್ಚಾದರೆ ಮೇಲ್ಮೈ ಒರಟಾಗಿ ಬೆಳಕನ್ನು ಚದರಿಸುತ್ತದೆ, ಗೋಡೆಯ ಉಬ್ಬುತಗ್ಗು ಮರೆಯಾಗುತ್ತದೆ, ಆದರೆ ಎಣ್ಣೆಯ ಕಲೆ ಕುಳಿತರೆ ಏಳದು. ಅಂಗಡಿಯವರ ಮೂರು ಮಾತುಗಳ ಗುಟ್ಟು ಇಷ್ಟೆ. ಗ್ಯಾಸಿನ ಒಲೆ ಬಂದ ಮೇಲೆ ಅಡುಗೆಮನೆಯಲ್ಲಿ ಮಸಿ ಹೋಗಿ ಒಗ್ಗರಣೆಯ ಎಣ್ಣೆ ಮಾತ್ರ ಉಳಿದಿರುವುದರಿಂದ ಅಲ್ಲಿ ಹೊಳಪಿನ ಬಣ್ಣ ಯುಕ್ತ. ಮಲಗುವ ಕೋಣೆಗೂ ಓದುವ ಕೋಣೆಗೂ ಹೊಳಪಿಲ್ಲದುದೇ ಲೇಸು. ಕಿಟಕಿಯ ಎದುರಿನ ಹೊಳಪುಗೋಡೆ ಕಣ್ಣನ್ನು ಕುಕ್ಕುತ್ತದೆ. ಇದನ್ನು ಉಪಾಧ್ಯಾಯರಿಗೆ ಹೆಚ್ಚಾಗಿ ಹೇಳಬೇಕಾಗಿಲ್ಲ. ಕರಿಹಲಗೆಗೆ ಹೊಳಪಿನ ಎಣ್ಣೆಬಣ್ಣ ಬಳಿಸಿದ ಶಾಲೆಗಳಲ್ಲಿ ಪಕ್ಕದ ಬೆಂಚಿನ ಮಕ್ಕಳು ತಲೆ ವಾಲಿಸಿ ಓದುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದ್ದಿಲಿಗೆ ಸೊಪ್ಪಿನ ರಸ ಸೇರಿಸಿ ತಿಕ್ಕಿದ ಹಳೆಯ ಹಲಗೆಗೆ ಈ ದೋಷವಿರಲಿಲ್ಲ.

ಮಣ್ಣಿನ ಗೋಡೆಗೆ ಮಾತ್ರ ಈ ಲೆಕ್ಕ ಹಿಡಿಯದು. ತಳಿ, ಅಂಚೆಟ್ಟಿ, ಡೆಂಕಣಿಕೋಟೆಯ ಕಡೆಯ ಹಳ್ಳಿಗಳಲ್ಲಿ ಇನ್ನೂ ನಿಂತಿರುವ ಹಳೆಯ ಮನೆಗಳಿಗೆ ಮದುವೆಯ ಸಂಭ್ರಮದಲ್ಲಿ ಸಿಮೆಂಟು ಸವರಿ ಎಮಲ್ಷನ್ ಬಳಿಸುವವರಿದ್ದಾರೆ. ನೆಲದಿಂದ ಏರಿದ ತೇವ ಹೊರಬರಲು ದಾರಿ ಕಾಣದೆ ಬಣ್ಣದ ಹಿಂದೆ ನಿಲ್ಲುತ್ತದೆ. ಮೊದಲು ಗುಳ್ಳೆ, ಆಮೇಲೆ ಉಪ್ಪು, ಕೊನೆಗೆ ಹಪ್ಪಳದಂತೆ ಎದ್ದು ಬರುವ ಸಿಪ್ಪೆ. ಅದರೊಡನೆ ಗೋಡೆಯ ಮಣ್ಣೂ ಬರುತ್ತದೆ. ಮನೆಯವರು ಗೋಡೆಯೇ ಹಳತಾಯಿತೆಂದು ಕೆಡವುತ್ತಾರೆ. ಗೋಡೆಯ ತಪ್ಪು ಅದರಲ್ಲಿ ಏನೂ ಇಲ್ಲ. ಹೊಸ ಮನೆಗೂ ಹಳೆಯ ಮನೆಗೂ ಒಂದೇ ಡಬ್ಬವನ್ನು ಕೊಡುವ ಈ ಪದ್ಧತಿ, ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣವೆಂಬ ಗಾದೆಯನ್ನು ತಲೆಕೆಳಗು ಮಾಡಿದೆ; ಇಲ್ಲಿ ಸುಣ್ಣ ಸಿಕ್ಕಿದ ಗೋಡೆಯೇ ಪುಣ್ಯವಂತ.

ಇದಕ್ಕಿಂತ ದೊಡ್ಡ ಕೇಡು ಸೀಸದ್ದು. ಎಣ್ಣೆಬಣ್ಣಕ್ಕೆ ಬಿಳುಪನ್ನೂ ಕಾಂತಿಯನ್ನೂ ಬೇಗ ಒಣಗುವ ಗುಣವನ್ನೂ ಕೊಡಲು ಸೀಸದ ಲವಣಗಳನ್ನು ಬಹುಕಾಲ ಬಳಸಿದರು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು, ಮಕ್ಕಳಿಗೆ ತಗಲುತ್ತಿದ್ದ ಸೀಸದ ವಿಷಕ್ಕೆ ಜಗುಲಿಯ ಕಟಕಟೆಯ ಬಣ್ಣವೇ ಮೂಲವೆಂದು 1904ರಲ್ಲಿ ಬರೆದರು. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತಿತ್ತು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಗಣ ಬಳಿತಕ್ಕೆ ಬಿಳಿಸೀಸವನ್ನು ನಿರ್ಬಂಧಿಸುವ ಒಪ್ಪಂದವನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಎಂದರೆ ಗಿಬ್ಸನ್ ಬರೆದು ನೂರಹದಿಮೂರು ವರ್ಷಗಳಾದ ಮೇಲೆ.

ನಿಯಮ ಹೊಸ ಡಬ್ಬಕ್ಕೆ ಅನ್ವಯಿಸುತ್ತದೆ; ಹಳೆಯ ಬಾಗಿಲು, ಕಿಟಕಿ, ತೊಟ್ಟಿಲು, ಶಾಲೆಯ ಬೆಂಚುಗಳ ಮೇಲೆ ಪದರಪದರವಾಗಿ ಕುಳಿತಿರುವ ಹಳದಿ ಹಸಿರುಗಳಿಗೆ ಅದು ತಗಲದು. ಹಬ್ಬಕ್ಕೆ ಹೊಸ ಬಣ್ಣ ಹಾಕುವ ಮುನ್ನ ಇವನ್ನು ಮರಳುಕಾಗದದಿಂದ ಒಣದಾಗಿ ಉಜ್ಜುವುದೇ ಎಲ್ಲೆಡೆಯ ರೂಢಿ. ಏಳುವ ಧೂಳು ನಡುಮನೆಯೆಲ್ಲ ತುಂಬುತ್ತದೆ, ಮಕ್ಕಳು ಅದರಲ್ಲೇ ಆಡುತ್ತಿರುತ್ತಾರೆ. ನೀರು ಚಿಮುಕಿಸಿ, ಒದ್ದೆಯಾಗಿಯೇ ಉಜ್ಜಿ, ಸಿಪ್ಪೆಯನ್ನು ಕಾಗದದಲ್ಲಿ ಹಿಡಿದು ಕಟ್ಟಿ ತೆಗೆಯಬೇಕು. ಗುಡಿಸದೆ ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸಬೇಕು. ಆ ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿ ಹೆಂಗಸರನ್ನೂ ಬೇರೆ ಮನೆಯಲ್ಲಿರಿಸಬೇಕು.