ಉಬ್ಬಿದ ಆರ್‌ಸಿ ಕಾರ್ ಬ್ಯಾಟರಿಗೆ ಸೂಜಿ ಚುಚ್ಚಿದರೆ ಸರಿಹೋಗುತ್ತದೆಯೇ?

ರಿಮೋಟ್ ಕಂಟ್ರೋಲ್ ರೇಸ್ ಕಾರಿನ ಬ್ಯಾಟರಿ ಉಬ್ಬಿದ್ದರೆ ಸೂಜಿ ಚುಚ್ಚಿ ಗಾಳಿ ತೆಗೆದು ಮತ್ತೆ ಬಳಸಬಹುದು ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ? ಅಲ್ಲ, ಹಾಗೆ ಮಾಡುವುದು ಅಪಾಯಕಾರಿ.

ಏಕೆ?
1:10 ಅಳತೆಯ ಎಲೆಕ್ಟ್ರಿಕ್ ಟೂರಿಂಗ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಸೆಲ್‌ಗಳ, 7.4 ವೋಲ್ಟ್‌ನ ಲಿಥಿಯಂ ಪಾಲಿಮರ್ (ಲಿಪೋ) ಬ್ಯಾಟರಿ ಇರುತ್ತದೆ. ಅತಿಯಾದ ಚಾರ್ಜ್, ಪೂರ್ತಿ ಬರಿದಾಗುವಿಕೆ ಅಥವಾ ಬಿಸಿಯಿಂದ ಒಳಗಿನ ರಾಸಾಯನಿಕ ವಿಭಜನೆಯಾಗಿ ಅನಿಲ ತುಂಬುತ್ತದೆ. ಅದರಲ್ಲಿ ಹೊತ್ತಿಕೊಳ್ಳುವ ಅನಿಲಗಳೂ ಇರುತ್ತವೆ. ಸೂಜಿ ಒಳಗಿನ ತೆಳು ಪದರಗಳನ್ನು ತೂರಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಬಹುದು. ಅನಿಲ ಹೊರಹೋದರೂ ಹಾಳಾದ ಸೆಲ್ ಸರಿಯಾಗುವುದಿಲ್ಲ.

ಏನು ಮಾಡಬೇಕು?
ರೇಸಿಗೆ ಮುನ್ನ ಗಮನಿಸಿ: ಸಲೀಸಾಗಿ ಕೂರುತ್ತಿದ್ದ ಬ್ಯಾಟರಿ ಈಗ ಬಿಗಿಯಾಗಿದೆಯೇ? ಪ್ಲಾಸ್ಟಿಕ್ ಕವಚದ ಅಂಚು ಬಿರಿದಿದೆಯೇ? ಹಾಗಿದ್ದರೆ ಓಡಿಸಬೇಡಿ, ಚಾರ್ಜ್ ಮಾಡಬೇಡಿ. ಮನೆಯ ಹೊರಗೆ, ಸುಡುವ ವಸ್ತುಗಳಿಂದ ದೂರವಿಡಿ. ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಉಬ್ಬದಂತೆ ತಡೆಯಲು ಲಿಪೋ ಚಾರ್ಜರ್‌ನ ಬ್ಯಾಲೆನ್ಸ್ ಮೋಡ್ ಬಳಸಿ. ಸಾಮಾನ್ಯ ಲಿಪೋ ಸೆಲ್ 4.2 ವೋಲ್ಟ್ ಮೀರಬಾರದು. ರೇಸ್ ಇಲ್ಲದ ದಿನಗಳಲ್ಲಿ ಸೆಲ್‌ಗೆ ಸುಮಾರು 3.8 ವೋಲ್ಟ್‌ನಲ್ಲಿಡಿ. ಚಾರ್ಜ್‌ಗೆ ಹಾಕಿ ಮಲಗಬೇಡಿ.

ನಮ್ಮ ತೀರ್ಮಾನ: ಸೂಜಿಯ ಸಲಹೆ ತಪ್ಪು. ಉಬ್ಬಿದ ಮೊಬೈಲ್ ಬ್ಯಾಟರಿಗೂ ಇದೇ ಮಾತು ಅನ್ವಯಿಸುತ್ತದೆ. ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.