ದಾರಿಯ ಲೆಕ್ಕ: ಸಕಲೇಶಪುರ–ಆಲೂರು ಸೀಮೆಯ ಮಹಿಳೆಯರು ಮತ್ತು ಸ್ತನ ಕ್ಯಾನ್ಸರ್ ಚಿಕಿತ್ಸೆಯ ಆಯ್ಕೆ

ಚಿಕಿತ್ಸೆಯ ನಿರ್ಧಾರವನ್ನು ಕುರಿತ ಚರ್ಚೆಗಳು ಚಾರ್ಲ್ಸ್, ಗಾಫ್ನಿ ಮತ್ತು ವೇಲನ್ 1997ರಲ್ಲಿ ಮಂಡಿಸಿದ ಮಾದರಿಯನ್ನು ಇಂದಿಗೂ ನೆನೆಯುತ್ತವೆ. ವೈದ್ಯರೂ ರೋಗಿಯೂ ತಿಳಿದದ್ದನ್ನು ಹಂಚಿಕೊಂಡು, ಇಬ್ಬರಿಗೂ ಒಪ್ಪಿಗೆಯಾದ ಚಿಕಿತ್ಸೆಗೆ ಬರಬೇಕು ಎಂಬುದು ಅದರ ತಿರುಳು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಕಾಫಿ ಸೀಮೆಯಲ್ಲಿ ನಿಂತು ನೋಡಿದರೆ ಆ ಮಾದರಿಯಲ್ಲಿ ದಾರಿಯ ಲೆಕ್ಕವೇ ಇಲ್ಲ.

ಸ್ತನ ಕ್ಯಾನ್ಸರಿನ ಆರಂಭದ ಹಂತದಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ, ಇಡೀ ಸ್ತನವನ್ನೇ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ. ಫಿಶರ್ ಮತ್ತು ವೆರೊನೇಸಿ 2002ರಲ್ಲಿ ಪ್ರಕಟಿಸಿದ 20 ವರ್ಷಗಳ ಫಲಿತಾಂಶಗಳು ಇದನ್ನು ಖಚಿತಪಡಿಸಿವೆ. ಆದರೆ ಸ್ತನ ಉಳಿಸಿಕೊಂಡವಳಿಗೆ ವಿಕಿರಣ, ಜನ ಹೇಳುವ ‘ಕರೆಂಟು’, ಸಾಮಾನ್ಯವಾಗಿ ತಪ್ಪದು. ಹಳೆಯ ಕ್ರಮದಲ್ಲಿ ಅದು ವಾರಕ್ಕೆ 5 ದಿನದಂತೆ 5 ವಾರ. ಅದಕ್ಕಾಗಿ ಹೋಗಬೇಕೆಂದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿರುವ ಬೆಂಗಳೂರು ಸಕಲೇಶಪುರದಿಂದ ಸುಮಾರು 220 ಕಿ.ಮೀ. ದೂರ, ಮಂಗಳೂರು ಹತ್ತಿರ, ಆದರೆ ನಡುವೆ ಶಿರಾಡಿ ಘಾಟಿ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಆ ದಾರಿಯೇ ಬಂದ್ ಆಗಿತ್ತು. ಕಾಯಿಲೆ ಪತ್ತೆಯಾದದ್ದು ಜನವರಿಯಲ್ಲಾದರೆ ರೋಬಸ್ಟಾ ಕೊಯ್ಲೂ ಎದುರಿಗೆ ನಿಂತಿರುತ್ತದೆ. ತೋಟದ ಕೂಲಿಯವರ ಲೈನುಮನೆಯಲ್ಲಿರುವವಳಿಗೆ ಗಂಡನ ಒಪ್ಪಿಗೆಯಷ್ಟೇ ಸಾಲದು. ರಜೆ, ಮುಂಗಡಕ್ಕೆ ತೋಟದ ಲೆಕ್ಕ ಬರೆಯುವ ರೈಟರನ್ನೂ ಕೇಳಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ಕಾಯಿಲೆ ಭತ್ಯೆಯನ್ನು ಹೇಳಿತು ನಿಜ, ಆದರೆ ಅದನ್ನು ರೂಪಿಸಿದ್ದು ದೊಡ್ಡ ತೋಟಗಳಿಗಾಗಿ. ಸಣ್ಣ ಹಿಡುವಳಿಯಲ್ಲಿ ದುಡಿಯುವವಳು ಅದರ ಹೊರಗೇ ಉಳಿದಳು.

‘ಪೂರ್ತಿ ತೆಗೆದುಬಿಡಿ’ ಎನ್ನುವವಳನ್ನು ಅಜ್ಞಾನಿ ಎಂದು ಬರೆದುಕೊಳ್ಳುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಯಾವ ಚಿಕಿತ್ಸೆ ಮೇಲು ಎಂದಲ್ಲ, ಯಾವುದನ್ನು ಮುಗಿಸಲು ತನ್ನಿಂದಾದೀತು ಎಂದು ಅವಳು ಅಳೆಯುತ್ತಿದ್ದಾಳೆ.

ತೊಡಕಿರುವುದು ಅವಳ ಕೈಗೆ ಸಿಕ್ಕ ಮಾಹಿತಿಯಲ್ಲಿ. ಈಗ ಅನೇಕರಿಗೆ 15–16 ಸರದಿಯ ವಿಕಿರಣ ಸಾಕು, ಸುಮಾರು 3 ವಾರ. 2020ರ ಫಾಸ್ಟ್-ಫಾರ್ವರ್ಡ್ ಅಧ್ಯಯನ ಅದನ್ನು ಒಂದೇ ವಾರದ 5 ಸರದಿಗೆ ಇಳಿಸಿತು. ಇನ್ನೊಂದು ಸಂಗತಿ: ಗಡ್ಡೆ ದೊಡ್ಡದಿದ್ದರೆ, ಕಂಕುಳ ಗ್ರಂಥಿಗಳಿಗೆ ಹಬ್ಬಿದ್ದರೆ, ಸ್ತನ ತೆಗೆದ ಮೇಲೂ ವಿಕಿರಣ ಬೇಕಾಗುತ್ತದೆ. ಓಡಾಟ ತಪ್ಪಲೆಂದು ಸ್ತನ ಕಳೆದುಕೊಂಡವಳು ಆಮೇಲೆ ಅದೇ ಬಸ್ಸು ಹತ್ತಬೇಕಾಗಿ ಬರುವುದಕ್ಕಿಂತ ದೊಡ್ಡ ಅನ್ಯಾಯ ಈ ಪ್ರಕ್ರಿಯೆಯಲ್ಲಿಲ್ಲ.

ಆದ್ದರಿಂದ ಹಾಸನ ಜಿಲ್ಲೆಯ ವೈದ್ಯರಲ್ಲಿ ಒಂದು ಕೋರಿಕೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನ ವಿಕಿರಣದ ಸಂಭವ, ಸರದಿಗಳ ಸಂಖ್ಯೆ, ಉಳಿಯುವ ಜಾಗ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಿಂದ ಸಿಗುವ ನೆರವು, ಇಷ್ಟನ್ನೂ ಕನ್ನಡದಲ್ಲಿ ಬರೆದು, ಮೊದಲು ಅವಳ ಕೈಗೇ ಕೊಡಿ.